ಮೂಸಂಬಿ, ಕಿತ್ತಳೆ ಸಿಪ್ಪೆ: ಕಡಿಮೆ ವೆಚ್ಚದ ಪೂರಕ ಪಶು ಆಹಾರ

(ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗಾಗಿ)

ಪೀಠಿಕೆ

ಸೋಲದೇವನಹಳ್ಳಿ ಮತ್ತು ಹೆಸರಘಟ್ಟ ಸುತ್ತಿನ ಗ್ರಾಮಗಳು ಬಹುಕಾಲದಿಂದ ಬೆಂಗಳೂರು ನಗರವನ್ನು ಪೋಷಿಸಿಕೊಂಡು ಬಂದಿವೆ. 1890ರ ದಶಕದಲ್ಲಿ ಹೆಸರಘಟ್ಟ ಜಲಾಶಯದ ನೀರು ಸೋಲದೇವನಹಳ್ಳಿಯ ಪಂಪುಮನೆಯ ಮೂಲಕವೇ ನಗರಕ್ಕೆ ಹರಿಯಿತು. ಅನಂತರದ ದಶಕಗಳಲ್ಲಿ ಹಾಲು, ಹಣ್ಣು, ತರಕಾರಿ ಅದೇ ದಿಕ್ಕಿನಲ್ಲಿ ಸಾಗಿದವು. ಇಂದು ಈ ಭಾಗದ ರಾಗಿ ಹೊಲಗಳು ಬಡಾವಣೆಗಳಾಗುತ್ತಿವೆ. ದನ ಮೇಯುತ್ತಿದ್ದ ಬಯಲು ಕುಗ್ಗಿದೆ. ಆದರೂ ಒಂದೆರಡು ಹಸು ಕಟ್ಟಿಕೊಂಡು ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಲು ಹಾಕುವ ಕುಟುಂಬಗಳು ಪ್ರತಿ ಗ್ರಾಮದಲ್ಲೂ ಇವೆ. ಹೊಲವಿಲ್ಲದವರಿಗೆ ಸೀಮೆಹುಲ್ಲನ್ನೂ ರಾಗಿ ಹುಲ್ಲನ್ನೂ ಪಶು ಆಹಾರವನ್ನೂ ಹಣ ಕೊಟ್ಟೇ ತರಬೇಕಾಗುತ್ತದೆ. ಹಾಲಿನ ಬಟವಾಡೆಯಲ್ಲಿ ಬಂದ ಹಣದ ದೊಡ್ಡ ಪಾಲು ಮೇವಿನ ಅಂಗಡಿಗೇ ಹಿಂದಿರುಗುತ್ತದೆ.

ಇದೇ ರಸ್ತೆಗಳ ಇಕ್ಕೆಲಗಳಲ್ಲಿ ವಿದ್ಯಾಸಂಸ್ಥೆಗಳೂ ಕಾರ್ಖಾನೆಗಳೂ ಬೆಳೆದು, ಜ್ಯೂಸ್ ಅಂಗಡಿಗಳು ಮತ್ತು ಹಣ್ಣಿನ ತಳ್ಳುಗಾಡಿಗಳು ಹೆಚ್ಚಿವೆ. ಮೂಸಂಬಿ, ಕಿತ್ತಳೆ ಹಿಂಡಿದ ಮೇಲೆ ಉಳಿಯುವ ಸಿಪ್ಪೆ ಮತ್ತು ಚರಟವು ಕಸದ ಗಾಡಿಗೆ, ಚರಂಡಿಗೆ ಅಥವಾ ರಸ್ತೆಯಂಚಿಗೆ ಸೇರುತ್ತದೆ. ಅಲ್ಲಿ ಅದನ್ನು ಬೀದಿ ದನಗಳು ಪ್ಲಾಸ್ಟಿಕ್ ಲೋಟ, ಕೊಳವೆಗಳೊಂದಿಗೆ ತಿನ್ನುವ ದೃಶ್ಯ ಎಲ್ಲರಿಗೂ ಪರಿಚಿತ. ಈ ಸಿಪ್ಪೆಯನ್ನು ಕಸವಾಗುವ ಮೊದಲೇ ಪಡೆದು, ಶುದ್ಧವಾಗಿ, ಅಳತೆಯಲ್ಲಿ ಹಸುವಿಗೆ ಕೊಡಬಹುದೇ ಎಂಬ ಪ್ರಶ್ನೆಗೆ ಉತ್ತರಿಸುವುದು ಈ ಲೇಖನದ ಉದ್ದೇಶ.

ಉತ್ತರವನ್ನು ಮೊದಲೇ ಹೇಳುವುದಾದರೆ: ಕೊಡಬಹುದು, ಆದರೆ ಮೂರು ಷರತ್ತುಗಳಿವೆ. ಒಂದು, ಇದು ಪಶು ಆಹಾರದ ಒಂದು ಭಾಗಕ್ಕೆ ಮಾತ್ರ ಬದಲಿ, ಹುಲ್ಲಿಗೆ ಬದಲಿಯಲ್ಲ. ಎರಡು, ಇದರಲ್ಲಿ ಕೊರತೆಯಿರುವ ಪ್ರೋಟೀನ್ ಮತ್ತು ರಂಜಕವನ್ನು ಬೇರೆ ಕಡೆಯಿಂದ ತುಂಬಬೇಕು. ಮೂರು, ಹಣ್ಣು ಹಿಂಡಿದ ಒಂದು ದಿನದೊಳಗೆ ಸಿಪ್ಪೆಯು ಗೋದಲಿಗೆ ತಲುಪಬೇಕು ಅಥವಾ ಕೆಡದಂತೆ ಸಂಸ್ಕರಣೆಗೆ ಒಳಗಾಗಬೇಕು. ಮೊದಲ ಎರಡು ಷರತ್ತುಗಳು ಹಸು ಸಾಕುವವರ ಕೈಯಲ್ಲಿವೆ. ಮೂರನೆಯದು ಒಬ್ಬ ರೈತರಿಂದ ಆಗುವ ಕೆಲಸವಲ್ಲ. ಗ್ರಾಮ ಪಂಚಾಯಿತಿಯ ಪಾತ್ರ ಇರುವುದು ಅಲ್ಲಿಯೇ.

ಸಿಪ್ಪೆಯಲ್ಲಿ ಏನಿದೆ?

ಮೂಸಂಬಿ ಅಥವಾ ಕಿತ್ತಳೆಯಿಂದ ರಸ ತೆಗೆದ ಮೇಲೆ ಹಣ್ಣಿನ ತೂಕದ ಸುಮಾರು ಅರ್ಧದಷ್ಟು ಉಳಿಯುತ್ತದೆ. ಸಿಪ್ಪೆ, ತೊಳೆಗಳ ಪೊರೆ, ಉಳಿದ ತಿರುಳು ಮತ್ತು ಬೀಜ ಇದರಲ್ಲಿ ಸೇರಿವೆ. ಹಸಿಯಾಗಿರುವಾಗ ಇದರ ಶೇ. 80ರಷ್ಟು ನೀರೇ. ಉಳಿದ ಶೇ. 20ರಷ್ಟು ಒಣ ಅಂಶದಲ್ಲಿ ಸಕ್ಕರೆ ಮತ್ತು ಪೆಕ್ಟಿನ್ ಎಂಬ ನಾರು ಹೇರಳವಾಗಿವೆ. ಹಣ್ಣಿನ ಜಾಮ್ ಗಟ್ಟಿಯಾಗಲು ಕಾರಣವಾಗುವುದು ಈ ಪೆಕ್ಟಿನ್. ತೂಕಕ್ಕೆ ತೂಕ ಹೋಲಿಸಿದರೆ, ಒಣಗಿದ ಸಿಪ್ಪೆಯು ಮೆಕ್ಕೆಜೋಳ ಕೊಡುವ ಶಕ್ತಿಯ ಶೇ. 85ರಿಂದ 90ರಷ್ಟನ್ನು ಕೊಡುತ್ತದೆ.

ಆದರೆ ಪ್ರೋಟೀನ್ ಒಣ ಅಂಶದ ಶೇ. 6ರಿಂದ 7ರಷ್ಟು ಮಾತ್ರ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೆಚ್ಚು; ರಂಜಕ ಬಹಳ ಕಡಿಮೆ. ಸಿಪ್ಪೆಯು ಶಕ್ತಿಯ ಮೂಲವೇ ಹೊರತು ಪೂರ್ಣ ಆಹಾರವಲ್ಲ ಎಂಬುದನ್ನು ಈ ಅಂಕಿಗಳು ಸ್ಪಷ್ಟಪಡಿಸುತ್ತವೆ.

ಇದು ಹೊಸ ಆವಿಷ್ಕಾರವೇನೂ ಅಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ರಸದ ಕಾರ್ಖಾನೆಗಳ ಚರಟವನ್ನು ಒಣಗಿಸಿ ದನಗಳಿಗೆ ಕೊಡುವುದು ಹಲವು ದಶಕಗಳಿಂದ ನಡೆದುಬಂದಿದೆ. ಕಿತ್ತಳೆ ರಸದ ರಫ್ತಿನಲ್ಲಿ ಜಗತ್ತಿಗೇ ಮೊದಲಿಗನಾದ ಬ್ರೆಜಿಲ್, ಚರಟವನ್ನು ಉಂಡೆಗಳಾಗಿಸಿ ಯುರೋಪಿನ ಹೈನುಗಾರರಿಗೆ ಮಾರುತ್ತಾ ಬಂದಿದೆ. ನಮ್ಮಲ್ಲಿ ಅಂತಹ ದೊಡ್ಡ ಕಾರ್ಖಾನೆಗಳಿಲ್ಲ. ಬದಲಾಗಿ ನೂರಾರು ಸಣ್ಣ ಅಂಗಡಿಗಳಿವೆ. ಆದ್ದರಿಂದ ನಮ್ಮ ಸಮಸ್ಯೆ ಪೋಷಣೆಯ ವಿಜ್ಞಾನದ್ದಲ್ಲ, ಸಂಗ್ರಹಣೆಯದು.

ಹಸುವಿನ ಹೊಟ್ಟೆಯಲ್ಲಿ ನಡೆಯುವುದೇನು?

ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳಿವೆ. ಮೇವನ್ನು ಮೊದಲು ಒಡೆಯುವುದು ಅವೇ. ಅಕ್ಕಿ, ಜೋಳ, ಉಳಿದ ಅನ್ನದಂತಹ ಪಿಷ್ಟವನ್ನು ಒಮ್ಮೆಲೇ ಹೆಚ್ಚು ಕೊಟ್ಟರೆ ಅಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರಗೊಂಡು ಹಸು ಮೇವು ಬಿಡುತ್ತದೆ. ಕೆಲವೊಮ್ಮೆ ಪ್ರಾಣಕ್ಕೂ ಅಪಾಯವಾಗುತ್ತದೆ. ಮದುವೆ ಮನೆಯ ಅನ್ನ ತಿಂದು ಹಸು ಸತ್ತ ಸುದ್ದಿಗಳ ಹಿಂದಿರುವ ಕಾರಣ ಇದು.

ಪೆಕ್ಟಿನ್ ಕೂಡ ಬೇಗ ಕರಗುತ್ತದೆ. ಆದರೆ ಅದು ಮುಖ್ಯವಾಗಿ ಅಸಿಟಿಕ್ ಆಮ್ಲವಾಗಿ ಪರಿವರ್ತನೆಯಾಗುತ್ತದೆ. ಹಾಲಿನ ಕೊಬ್ಬು ತಯಾರಾಗಲು ಬೇಕಾದ ಕಚ್ಚಾವಸ್ತು ಇದೇ. ಆದ್ದರಿಂದ ಅಳತೆಯಲ್ಲಿ ಕೊಟ್ಟ ಸಿಪ್ಪೆಯಿಂದ ಹಾಲಿನ ಕೊಬ್ಬಿನಂಶ ಕುಸಿಯುವ ಭೀತಿ ಧಾನ್ಯಕ್ಕಿಂತ ಕಡಿಮೆ. ಹಾಗೆಂದು ಮಿತಿ ಮೀರುವಂತಿಲ್ಲ. ಸಿಪ್ಪೆಯಲ್ಲಿ ಸಕ್ಕರೆಯೂ ಇದೆ. ಮೆಲುಕಿಗೆ ಬೇಕಾದ ಉದ್ದನೆಯ ನಾರು ಅದರಲ್ಲಿ ಇಲ್ಲ. ಆ ನಾರು ಬರಬೇಕಾದದ್ದು ರಾಗಿ ಹುಲ್ಲು, ಭತ್ತದ ಹುಲ್ಲು ಮತ್ತು ಹಸಿರು ಮೇವಿನಿಂದ.

ಉಳಿತಾಯದ ಲೆಕ್ಕ

ಸಿಪ್ಪೆ ಉಚಿತವಾಗಿ ಸಿಗುತ್ತದೆ, ಆದ್ದರಿಂದ ಎಲ್ಲವೂ ಲಾಭ ಎಂದು ಭಾವಿಸುವುದು ಸರಿಯಲ್ಲ. ಸದಸ್ಯರು ಈ ಕೆಳಗಿನ ಲೆಕ್ಕವನ್ನು ತಮ್ಮ ಊರಿನ ದರಗಳೊಂದಿಗೆ ಪರಿಶೀಲಿಸುವುದು ಸೂಕ್ತ.

10 ಕೆ.ಜಿ. ಹಸಿ ಸಿಪ್ಪೆಯಲ್ಲಿ 2 ಕೆ.ಜಿ. ಒಣ ಅಂಶವಿದೆ. ಶಕ್ತಿಯ ದೃಷ್ಟಿಯಿಂದ ಇದು ಸುಮಾರು 2 ಕೆ.ಜಿ. ಪಶು ಆಹಾರದ ಸ್ಥಾನ ತುಂಬಬಲ್ಲದು. ಆದರೆ ಶೇ. 20ರಷ್ಟು ಪ್ರೋಟೀನ್ ಇರುವ 2 ಕೆ.ಜಿ. ಪಶು ಆಹಾರದಲ್ಲಿ 400 ಗ್ರಾಂ ಪ್ರೋಟೀನ್ ಇದ್ದರೆ, ಸಿಪ್ಪೆಯಿಂದ ದೊರೆಯುವುದು ಸುಮಾರು 130 ಗ್ರಾಂ ಮಾತ್ರ. ಉಳಿದ 270 ಗ್ರಾಂ ಕೊರತೆಯನ್ನು ತುಂಬಲು, ಶೇ. 45ರಷ್ಟು ಪ್ರೋಟೀನ್ ಇರುವ ಕಡಲೆಕಾಯಿ ಹಿಂಡಿಯಾದರೆ 600 ಗ್ರಾಂ ಬೇಕು.

ಕೇವಲ ಉದಾಹರಣೆಗಾಗಿ, ಪಶು ಆಹಾರ ಕೆ.ಜಿ.ಗೆ 25 ರೂ. ಮತ್ತು ಹಿಂಡಿ ಕೆ.ಜಿ.ಗೆ 50 ರೂ. ಎಂದು ಇಟ್ಟುಕೊಳ್ಳೋಣ. 2 ಕೆ.ಜಿ. ಪಶು ಆಹಾರ ಕಡಿಮೆ ಮಾಡಿದರೆ 50 ರೂ. ಉಳಿಯುತ್ತದೆ, ಹಿಂಡಿಗೆ 30 ರೂ. ಖರ್ಚಾಗುತ್ತದೆ. ಒಂದು ಹಸುವಿಗೆ ದಿನಕ್ಕೆ ನಿವ್ವಳ ಉಳಿಕೆ 20 ರೂ., ತಿಂಗಳಿಗೆ 600 ರೂ. ಎರಡು ಹಸು ಇರುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದರೆ 10 ಕೆ.ಜಿ. ಸಿಪ್ಪೆಯನ್ನು ತರುವ ಖರ್ಚು ಕೆ.ಜಿ.ಗೆ 2 ರೂ. ಆದರೆ ಈ 20 ರೂ. ಪೂರ್ತಿಯಾಗಿ ಕರಗಿಹೋಗುತ್ತದೆ. ಶೇ. 80ರಷ್ಟು ನೀರಿರುವ ಪದಾರ್ಥವನ್ನು ದೂರದಿಂದ ಬಾಡಿಗೆ ವಾಹನದಲ್ಲಿ ತರುವುದು ನೀರಿಗೆ ಬಾಡಿಗೆ ಕೊಟ್ಟಂತೆ. ಆದ್ದರಿಂದ ಯಶವಂತಪುರ ಅಥವಾ ದಾಸನಪುರದ ಮಾರುಕಟ್ಟೆಯಿಂದ ಹೊರೆ ತರುವುದಕ್ಕಿಂತ, ಹಾಲು ಹಾಕಿ ಮನೆಗೆ ಹಿಂದಿರುಗುವ ದಾರಿಯಲ್ಲೇ ಇರುವ ಅಂಗಡಿಯೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ಲೇಸು.

ದಿನಕ್ಕೆ 20 ಕೆ.ಜಿ. ಮೂಸಂಬಿ ಹಿಂಡುವ ಅಂಗಡಿಯ ಚರಟವು ಒಂದು ಹಸುವಿನ ಗರಿಷ್ಠ ಪಾಲಿಗೆ ಸಾಕು. ಈ ಅಳತೆಯನ್ನು ನೆನಪಿನಲ್ಲಿಟ್ಟರೆ, ತಮ್ಮ ವ್ಯಾಪ್ತಿಯಲ್ಲಿ ಎಷ್ಟು ಹಸುಗಳಿಗೆ ಈ ಸೌಲಭ್ಯ ಸಾಧ್ಯವೆಂದು ಪ್ರತಿಯೊಬ್ಬ ಸದಸ್ಯರೂ ಅಂದಾಜಿಸಬಹುದು. ಇಡೀ ಗ್ರಾಮದ ಮೇವಿನ ಕೊರತೆ ಇದರಿಂದ ನೀಗುವುದಿಲ್ಲ; ಕೆಲವು ಕುಟುಂಬಗಳ ಹೊರೆ ಖಂಡಿತ ಇಳಿಯುತ್ತದೆ. ಅನುಕೂಲದ ಅಂಶವೊಂದಿದೆ: ಹಣ್ಣಿನ ರಸದ ವ್ಯಾಪಾರ ಏರುವುದು ಬೇಸಿಗೆಯಲ್ಲಿ, ಹಸಿರು ಮೇವು ಬತ್ತುವುದೂ ಆಗಲೇ.

ಎಷ್ಟು ಕೊಡಬೇಕು, ಹೇಗೆ ಕೊಡಬೇಕು?

1. ಸುಮಾರು 400 ಕೆ.ಜಿ. ತೂಕದ ಮಿಶ್ರತಳಿ ಹಸುವಿಗೆ ದಿನಕ್ಕೆ ಗರಿಷ್ಠ 8ರಿಂದ 10 ಕೆ.ಜಿ. ಹಸಿ ಸಿಪ್ಪೆ ಸಾಕು. ಹಸು ತಿನ್ನುವ ಒಟ್ಟು ಒಣ ಅಂಶದ ಐದನೇ ಒಂದು ಭಾಗವನ್ನು ಇದು ಮೀರಬಾರದು.

2. ಮೊದಲ ಎರಡು ಮೂರು ದಿನ 1 ಕೆ.ಜಿ.ಯಿಂದ ಆರಂಭಿಸಿ, ಎರಡು ವಾರಗಳಲ್ಲಿ ಕ್ರಮೇಣ ಹೆಚ್ಚಿಸಬೇಕು. ಸಿಪ್ಪೆಯ ಕಹಿಯಿಂದಾಗಿ ಕೆಲವು ಹಸುಗಳು ಆರಂಭದಲ್ಲಿ ಮೂತಿ ತಿರುಗಿಸುತ್ತವೆ. ಸ್ವಲ್ಪ ಬೂಸಾ ಉದುರಿಸಿದರೆ ರೂಢಿಯಾಗುತ್ತದೆ. ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲೂ ಈ ಕಾಲಾವಕಾಶ ಅಗತ್ಯ.

3. ದಿನದ ಪಾಲನ್ನು ಎರಡು ಹೊತ್ತಿಗೆ ಹಂಚಿ, ಕತ್ತರಿಸಿದ ರಾಗಿ ಹುಲ್ಲಿನೊಂದಿಗೆ ಬೆರೆಸಿ ಕೊಡಬೇಕು. ಹಾಲು ಕರೆದ ನಂತರ ಕೊಡುವುದು ಉತ್ತಮ. ಹಾಲಿಗೆ ವಾಸನೆ ತಗಲುವ ಸಂಭವ ಕಡಿಮೆಯಾಗುತ್ತದೆ.

4. ಸಿಪ್ಪೆಯನ್ನು ಸಣ್ಣ ಹೋಳುಗಳಾಗಿ ಕತ್ತರಿಸಬೇಕು. ಇಡೀ ನಿಂಬೆಹಣ್ಣು ಅಥವಾ ಸಣ್ಣ ಕಿತ್ತಳೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಹೊಟ್ಟೆ ಉಬ್ಬರಿಸಿ, ಹಸು ಕೆಲವೇ ಗಂಟೆಗಳಲ್ಲಿ ಸಾಯಬಹುದು.

5. ಖನಿಜ ಮಿಶ್ರಣವನ್ನು ತಪ್ಪದೆ ಕೊಡಬೇಕು. ಗೋಧಿ ಬೂಸಾದಲ್ಲಿ ರಂಜಕ ಹೆಚ್ಚಿರುವುದರಿಂದ ಅದು ಸಿಪ್ಪೆಗೆ ಒಳ್ಳೆಯ ಜೊತೆ.

6. ಹಾಲು ಬತ್ತಿಸಿದ, ಕರು ಹಾಕಲು ಹತ್ತಿರವಿರುವ ಹಸುವಿಗೆ ಸಿಪ್ಪೆ ಬೇಡ. ಈ ಅವಧಿಯಲ್ಲಿ ಕ್ಯಾಲ್ಸಿಯಂ ಹೆಚ್ಚಾದರೆ, ಮೂಳೆಯಲ್ಲಿರುವ ಸುಣ್ಣದಂಶವನ್ನು ಬಳಸಿಕೊಳ್ಳುವ ದೇಹದ ಶಕ್ತಿ ಮಂದವಾಗಿ, ಕರು ಹಾಕಿದ ಕೂಡಲೆ ಹಾಲುಜ್ವರ ಬರುವ ಸಾಧ್ಯತೆ ಏರುತ್ತದೆ. ಎಳೆಗರುಗಳಿಗೂ ಕೊಡಬಾರದು.

7. ಕೋಳಿ ಮತ್ತು ಹಂದಿಗಳಿಗೆ ಈ ಸಿಪ್ಪೆ ಸಲ್ಲದು. ಬೀಜದಲ್ಲಿರುವ ಲಿಮೋನಿನ್ ಎಂಬ ಕಹಿ ಪದಾರ್ಥ ಅವಕ್ಕೆ ಹಾನಿಕರ.

ಯಾವ ಸಿಪ್ಪೆ ಮೇವಲ್ಲ?

ಎಲ್ಲ ಸಿಪ್ಪೆಯೂ ಮೇವಾಗುವುದಿಲ್ಲ. ಈ ವಿಷಯದಲ್ಲಿ ರಾಜಿ ಸಲ್ಲದು.

ಮೊದಲನೆಯದು ಬೂಷ್ಟು ಹಿಡಿದ ಸಿಪ್ಪೆ. ಮೂಸಂಬಿ, ಕಿತ್ತಳೆಯ ಮೇಲೆ ಕಾಣುವ ಹಸಿರು ಮತ್ತು ನೀಲಿ ಬೂಷ್ಟು ಎಲ್ಲರಿಗೂ ಗೊತ್ತಿರುವುದೇ. ಕೆಲವು ಬೂಷ್ಟುಗಳು ಮೂತ್ರಪಿಂಡ ಮತ್ತು ಯಕೃತ್ತಿಗೆ ಹಾನಿಮಾಡುವ ವಿಷವನ್ನು ಉತ್ಪಾದಿಸುತ್ತವೆ. ಬೂಷ್ಟಿನ ಭಾಗ ತೆಗೆದು ಉಳಿದದ್ದನ್ನು ಕೊಡುವುದೂ ತಪ್ಪು. ಕಣ್ಣಿಗೆ ಕಾಣದ ಎಳೆಗಳು ಒಳಗೆ ಹರಡಿರುತ್ತವೆ. ಸರಿಯಾಗಿ ಒಣಗದೆ ಶೇಖರಿಸಿದ ಮೇವಿನಲ್ಲಿ ಬೆಳೆಯುವ ಅಫ್ಲಟಾಕ್ಸಿನ್ ಹಸುವಿನ ಮೂಲಕ ಹಾಲಿಗೂ ಇಳಿಯುತ್ತದೆ. ಹಾಲಿನಲ್ಲಿ ಇದರ ಪ್ರಮಾಣ ಕೆ.ಜಿ.ಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಮಿತಿ ವಿಧಿಸಿದೆ. ಆ ಹಾಲನ್ನು ಕುಡಿಯುವುದು ನಮ್ಮ ಮಕ್ಕಳೇ.

ಎರಡನೆಯದು ಬೆರಕೆ ಕಸ. ಕೊಳವೆ, ಲೋಟದ ಮುಚ್ಚಳ, ರಬ್ಬರ್ ಬ್ಯಾಂಡ್, ತಂತಿ ಸೇರಿದ ಸಿಪ್ಪೆಯನ್ನು ಆರಿಸಿ ಶುದ್ಧಮಾಡುತ್ತೇವೆ ಎಂಬ ಭರವಸೆ ಬೇಡ. ಹೊಟ್ಟೆ ಸೇರಿದ ಪ್ಲಾಸ್ಟಿಕ್ ಹೊರಬರುವುದಿಲ್ಲ; ತಂತಿಯು ಹೃದಯದವರೆಗೂ ಚುಚ್ಚಬಲ್ಲದು.

ಮೂರನೆಯದು ಉಪ್ಪು, ಖಾರ ಅಥವಾ ಬಣ್ಣ ಸೋಕಿದ್ದು. ಉಪ್ಪಿನಕಾಯಿ ತಯಾರಿಕೆಯ ಉಳಿಕೆಯಲ್ಲಿ ಉಪ್ಪು ವಿಷಮಟ್ಟದಲ್ಲಿರಬಹುದು. ಆಯುಧಪೂಜೆಯಂದು ವಾಹನದ ಚಕ್ರಕ್ಕೆ ಸಿಕ್ಕಿ ಹಿಸುಕಿದ ನಿಂಬೆ, ದೃಷ್ಟಿ ತೆಗೆದ ಹಣ್ಣು, ಕುಂಕುಮ ಹಚ್ಚಿದ್ದು, ದಾರ ಪೋಣಿಸಿದ್ದು ಇವೆಲ್ಲ ಕಸವೇ, ಮೇವಲ್ಲ.

ಶುದ್ಧತೆ ತಪ್ಪಿದರೆ ಎಷ್ಟು ದೊಡ್ಡ ವ್ಯವಸ್ಥೆಯೂ ಎಡವುತ್ತದೆ ಎಂಬುದಕ್ಕೆ ನಿದರ್ಶನವಿದೆ. 1998ರಲ್ಲಿ ಜರ್ಮನಿಯ ಹಾಲಿನಲ್ಲಿ ಡೈಆಕ್ಸಿನ್ ಎಂಬ ವಿಷಕಾರಿ ರಾಸಾಯನಿಕದ ಪ್ರಮಾಣ ಏರಿದ್ದು ಕಂಡುಬಂತು. ಮೂಲ ಹುಡುಕಿದಾಗ ಅದು ಬ್ರೆಜಿಲ್‌ನಿಂದ ಬಂದ ಚರಟದ ಉಂಡೆಗಳಲ್ಲಿತ್ತು. ಒಣಗಿಸುವಾಗ ನೀರು ಬೇಗ ಬಿಡಲೆಂದು ಚರಟಕ್ಕೆ ಬೆರೆಸಿದ ಸುಣ್ಣವೇ ಕಲುಷಿತವಾಗಿತ್ತು. ಹಣ್ಣಿನಲ್ಲಿ ದೋಷವಿರಲಿಲ್ಲ, ಹಸುವಿನಲ್ಲೂ ಇರಲಿಲ್ಲ; ಎರಡರ ನಡುವಿನ ದಾರಿಯಲ್ಲಿತ್ತು. ನಮ್ಮ ಮಟ್ಟದಲ್ಲೂ ಕಾಯಬೇಕಾದದ್ದು ಆ ದಾರಿಯನ್ನೇ.

ಉಳಿದ ಸಿಪ್ಪೆಯನ್ನು ಕಾಪಾಡುವುದು ಹೇಗೆ?

ಬೇಸಿಗೆಯಲ್ಲಿ ಹಸಿ ಸಿಪ್ಪೆ ಎರಡನೆಯ ದಿನಕ್ಕೇ ಹುಳಿತು ನೊಣ ಮುತ್ತುತ್ತದೆ. ಆಯಾ ದಿನ ಕೊಟ್ಟು ಮುಗಿಯದಷ್ಟು ಬಂದರೆ ಎರಡು ಮಾರ್ಗಗಳಿವೆ.

ಒಂದು, ಒಣಗಿಸುವುದು. ತೆಳುವಾಗಿ ಕತ್ತರಿಸಿ, ಶುಭ್ರವಾದ ಟಾರ್ಪಾಲಿನ ಮೇಲೆ ಒಂದೇ ಪದರವಾಗಿ ಹರಡಿ, ದಿನಕ್ಕೆ ಹಲವು ಬಾರಿ ತಿರುವಿಹಾಕಬೇಕು. ಮುರಿದರೆ ಚಟ್ಟನೆ ಸದ್ದಾಗುವಷ್ಟು ಒಣಗಿದ ಮೇಲೆ ಗೋಣಿಚೀಲದಲ್ಲಿ ತುಂಬಿ, ನೆಲದಿಂದ ಎತ್ತರದಲ್ಲಿ ಇಡಬೇಕು. 100 ಕೆ.ಜಿ. ಹಸಿ ಸಿಪ್ಪೆಯಿಂದ ಸುಮಾರು 22 ಕೆ.ಜಿ. ಒಣಸಿಪ್ಪೆ ದೊರೆಯುತ್ತದೆ. ಮೋಡ ಮುಸುಕಿದ ದಿನಗಳಲ್ಲಿ ಈ ಪ್ರಯತ್ನ ಬೇಡ. ಅರ್ಧ ಒಣಗಿದ ಸಿಪ್ಪೆ ಬೂಷ್ಟಿಗೆ ತವರು. ಕೊಡುವಾಗ 1 ಕೆ.ಜಿ. ಒಣಸಿಪ್ಪೆಯು ಸುಮಾರು ನಾಲ್ಕೂವರೆ ಕೆ.ಜಿ. ಹಸಿ ಸಿಪ್ಪೆಗೆ ಸಮ ಎಂಬುದನ್ನು ಮರೆಯಬಾರದು.

ಎರಡು, ರಸಮೇವು, ಅಂದರೆ ಸೈಲೇಜ್. ಸಿಪ್ಪೆಯಲ್ಲಿ ಸಕ್ಕರೆ ಇರುವುದರಿಂದ ಗಾಳಿಯಾಡದಂತೆ ಇಟ್ಟರೆ ತಾನಾಗಿ ಹುಳಿತು ಕೆಡದೆ ಉಳಿಯುತ್ತದೆ. ಆದರೆ ನೀರಿನಂಶ ಹೆಚ್ಚಾದ್ದರಿಂದ ರಸ ಸೋರಿ ಸತ್ವ ನಷ್ಟವಾಗುತ್ತದೆ. ಇದನ್ನು ತಡೆಯಲು ನಾಲ್ಕು ಪಾಲು ಹಸಿ ಸಿಪ್ಪೆಗೆ ಒಂದು ಪಾಲು ಕತ್ತರಿಸಿದ ಒಣಹುಲ್ಲು ಬೆರೆಸಬೇಕು. ಆಗ ಮಿಶ್ರಣದ ಒಣ ಅಂಶ ಶೇ. 34ರ ಆಸುಪಾಸಿಗೆ ಬರುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಪದರಪದರವಾಗಿ ತುಳಿದು, ಗಾಳಿ ಹೊರಹಾಕಿ, ಭದ್ರವಾಗಿ ಮುಚ್ಚಿ ಐದಾರು ವಾರ ಬಿಡಬೇಕು. ತೆರೆದ ಮೇಲೆ ಹಿತವಾದ ಹುಳಿ ವಾಸನೆ ಇದ್ದರೆ ಸರಿ. ಕೊಳೆತ ವಾಸನೆ ಅಥವಾ ಬೂಷ್ಟು ಕಂಡರೆ ಗೊಬ್ಬರದ ಗುಂಡಿಗೆ ಹಾಕಬೇಕು. ಡ್ರಮ್ಮು ಹಿಂದೆ ರಾಸಾಯನಿಕ ತುಂಬಿದ್ದಾಗಿರಬಾರದು. ಕೈಗಾರಿಕಾ ಪ್ರದೇಶದ ನೆರೆಯಲ್ಲಿರುವ ನಮ್ಮ ಗ್ರಾಮಗಳಲ್ಲಿ ಅಂತಹ ಡ್ರಮ್ಮುಗಳು ಅಗ್ಗವಾಗಿ ಸಿಗುವುದರಿಂದ ಈ ಎಚ್ಚರಿಕೆ ವಿಶೇಷವಾಗಿ ಅವಶ್ಯ.

ಗ್ರಾಮ ಪಂಚಾಯಿತಿಯ ಪಾತ್ರ

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪೈಕಿ ಪಶುಸಂಗೋಪನೆ ಮತ್ತು ಹೈನುಗಾರಿಕೆ 4ನೆಯದು. ಇಂಧನ ಮತ್ತು ಮೇವು 12ನೆಯದು. ಮೂಲದಲ್ಲೇ ಕಸ ವಿಂಗಡಿಸುವುದು 2016ರಿಂದಲೂ ಕಡ್ಡಾಯ. ಹಾಗಾಗಿ ಮೇವು ಮತ್ತು ಕಸ ಎರಡೂ ಪಂಚಾಯಿತಿಯ ಕಾರ್ಯವ್ಯಾಪ್ತಿಯಲ್ಲಿವೆ. ಈ ನಿಟ್ಟಿನಲ್ಲಿ ಕೆಳಕಂಡ ಕ್ರಮಗಳನ್ನು ಪರಿಶೀಲಿಸಬಹುದು.

1. ವ್ಯಾಪ್ತಿಯ ಜ್ಯೂಸ್ ಅಂಗಡಿಗಳ ಪಟ್ಟಿ ಮಾಡಿ, ಪ್ರತಿಯೊಂದರಲ್ಲೂ ದಿನಕ್ಕೆ ಹಿಂಡುವ ಹಣ್ಣಿನ ಪ್ರಮಾಣವನ್ನು ಬರೆದುಕೊಳ್ಳುವುದು.

2. ಒಪ್ಪುವ ಅಂಗಡಿಗಳಲ್ಲಿ ಮುಚ್ಚಳವಿರುವ ಪ್ರತ್ಯೇಕ ಬಕೆಟ್ ಇಡಿಸುವುದು. ಅದರಲ್ಲಿ ಮೂಸಂಬಿ, ಕಿತ್ತಳೆ ಸಿಪ್ಪೆಯ ಹೊರತು ಬೇರೇನನ್ನೂ ಹಾಕದಂತೆ ಒಪ್ಪಂದ ಮಾಡಿಕೊಳ್ಳುವುದು. ಹಿಂಡುವ ಮೊದಲು ಹಣ್ಣು ತೊಳೆಯುವ ರೂಢಿ ಗ್ರಾಹಕರಿಗೂ ಹಸುವಿಗೂ ಒಳ್ಳೆಯದು.

3. ಪ್ರತಿ ಅಂಗಡಿಯನ್ನು ಸಮೀಪದ ಒಂದೆರಡು ಹೈನುಗಾರ ಕುಟುಂಬಗಳಿಗೆ ಜೋಡಿಸುವುದು. ಸಂಜೆಯ ಸಿಪ್ಪೆ ಮರುದಿನ ಬೆಳಗಿನೊಳಗೆ ಕೊಟ್ಟಿಗೆ ತಲುಪಬೇಕು. ಕಸ ಸಾಗಿಸುವ ವಾಹನದಲ್ಲಿ ಮೇವನ್ನು ಯಾವ ಕಾರಣಕ್ಕೂ ಸಾಗಿಸಬಾರದು.

4. ಭೂರಹಿತರು, ಮಹಿಳೆಯರು ನಡೆಸುವ ಹೈನುಗಾರಿಕೆ ಮತ್ತು ಒಂದೆರಡು ಹಸುಗಳಿರುವ ಕುಟುಂಬಗಳಿಗೆ ಆದ್ಯತೆ ನೀಡುವುದು. ಸಿಪ್ಪೆಗೆ ಬೆಲೆ ಬಂದ ಕೂಡಲೆ ದೊಡ್ಡ ಕೊಟ್ಟಿಗೆಯವರು ಮುಂದೆ ಬರುವುದು ಸಹಜ. ಪಾಲು ನಿರ್ಧಾರ ಗ್ರಾಮ ಸಭೆಯಲ್ಲಿ ಬಹಿರಂಗವಾಗಿ ಆಗಲಿ.

5. ಮೊದಲ ತಿಂಗಳು ಎರಡು ಮೂರು ಕುಟುಂಬಗಳಲ್ಲಿ ಮಾತ್ರ, ಸ್ಥಳೀಯ ಪಶುವೈದ್ಯಾಧಿಕಾರಿಯ ಸಲಹೆ ಪಡೆದು ಆರಂಭಿಸುವುದು. ಕೊಟ್ಟ ಸಿಪ್ಪೆ, ಕಡಿಮೆ ಮಾಡಿದ ಪಶು ಆಹಾರ, ಹಾಲಿನ ಪ್ರಮಾಣ ಮತ್ತು ಕೊಬ್ಬಿನಂಶವನ್ನು ಪಶು ಸಖಿಯರ ನೆರವಿನಿಂದ ಪುಸ್ತಕದಲ್ಲಿ ದಾಖಲಿಸುವುದು. ಉಳಿತಾಯವಾಗದಿದ್ದರೆ ನಿಲ್ಲಿಸುವುದೂ ಸರಿಯಾದ ತೀರ್ಮಾನವೇ.

6. ಹಸು ಮೇವು ಬಿಟ್ಟರೆ, ಹೊಟ್ಟೆ ಉಬ್ಬರಿಸಿದರೆ ಅಥವಾ ಭೇದಿಯಾದರೆ ಸಿಪ್ಪೆಯನ್ನು ತಕ್ಷಣ ನಿಲ್ಲಿಸಿ, ಪಶುವೈದ್ಯರನ್ನು ಅಥವಾ ಸಂಚಾರಿ ಪಶು ಚಿಕಿತ್ಸಾಲಯದ 1962 ಸಹಾಯವಾಣಿಯನ್ನು ಸಂಪರ್ಕಿಸುವಂತೆ ಕುಟುಂಬಗಳಿಗೆ ತಿಳಿಸುವುದು.

ತಜ್ಞರ ಸಲಹೆಗೆ ಈ ಭಾಗದವರು ದೂರ ಹೋಗಬೇಕಾಗಿಲ್ಲ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಮೇವು ಕೇಂದ್ರವಿದೆ. ಹಣ್ಣಿನ ಬೆಳೆಗಳ ಕುರಿತು ಸಂಶೋಧನೆ ನಡೆಸುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಅಲ್ಲಿಯೇ ಇದೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯ, ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇವೆ. ಪಂಚಾಯಿತಿಯು ತನ್ನ ದಾಖಲೆ ಪುಸ್ತಕದೊಂದಿಗೆ ಹೋದರೆ ಕೇಳುವ ಪ್ರಶ್ನೆಯೂ ಸ್ಪಷ್ಟವಾಗಿರುತ್ತದೆ, ದೊರೆಯುವ ಉತ್ತರವೂ ಉಪಯುಕ್ತವಾಗಿರುತ್ತದೆ.

ಮುಕ್ತಾಯ

ಸಂಜೆ ಅಂಗಡಿಯ ಬಕೆಟ್ಟಿಗೆ ಬಿದ್ದ ಸಿಪ್ಪೆ ಮರುದಿನ ಬೆಳಿಗ್ಗೆ ರಾಗಿ ಹುಲ್ಲಿನೊಂದಿಗೆ ಗೋದಲಿಯಲ್ಲಿದ್ದರೆ ಅದು ಮೇವು. ಒಂದು ದಿನ ತಡವಾದರೆ, ಒಂದು ಪ್ಲಾಸ್ಟಿಕ್ ಕೊಳವೆ ಸೇರಿದರೆ, ಅದು ರೋಗಕ್ಕೆ ದಾರಿ. ಪದಾರ್ಥ ಒಂದೇ, ವ್ಯತ್ಯಾಸ ವ್ಯವಸ್ಥೆಯದು. ಆ ವ್ಯವಸ್ಥೆಗೆ ದೊಡ್ಡ ಅನುದಾನ ಬೇಕಿಲ್ಲ. ಮುಚ್ಚಳವಿರುವ ಕೆಲವು ಬಕೆಟ್ಟುಗಳು, ಒಂದು ದಾಖಲೆ ಪುಸ್ತಕ ಮತ್ತು ಅಂಗಡಿಯವರೊಂದಿಗೂ ಹೈನುಗಾರರೊಂದಿಗೂ ಮಾತನಾಡಬಲ್ಲ ಸದಸ್ಯರು ಇದ್ದರೆ ಸಾಕು. ಬೇಸಿಗೆ ಆರಂಭವಾಗುವ ಮೊದಲೇ ಈ ವಿಷಯವನ್ನು ತಮ್ಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಚರ್ಚೆಗೆ ತರಬೇಕೆಂದು ಸದಸ್ಯರನ್ನು ಕೋರಲಾಗಿದೆ.